ಮಹಾನಿರ್ಮಾಣಗಳೂ ಪಾಲುಗಾರರ ಸಹಾಯವೂ: ನವಲಗುಂದ ಸೀಮೆಯ ನಿದರ್ಶನ

ಕೆರೆ, ಅಣೆಕಟ್ಟು, ಕಾಲುವೆ ಮೊದಲಾದ ಮಹಾನಿರ್ಮಾಣಗಳಿಗೆ ಅನಿರೀಕ್ಷಿತವಾದ ವಿಪತ್ತು ಒದಗಿದಾಗ ಅದರ ಪರಿಹಾರವು ಶಿಲ್ಪಿಯೊಬ್ಬನಿಂದಲೇ ಆಗತಕ್ಕುದಲ್ಲ. ಫಲವನ್ನುಣ್ಣುವ ಪಾಲುಗಾರರ ಸಹಾಯವೂ ಅದಕ್ಕೆ ಅವಶ್ಯವು. ಪೂರ್ವಿಕರು ಇದನ್ನು ಅರಿತಿದ್ದರು. ಕೆರೆಯ ಕೆಳಗಿನ ಭೂಮಿಯಲ್ಲಿ ಒಂದಂಶವನ್ನು ಅದರ ಸಂರಕ್ಷಣೆಗಾಗಿಯೇ ಬಿಡುವ ಬಿತ್ತುವಟ್ಟದ ಪದ್ಧತಿಯು ಕನ್ನಡ ಶಾಸನಗಳಲ್ಲಿ ಕಂಡುಬರುತ್ತದೆ. ಏರಿ ಒಡೆಯುವ ಮೊದಲೇ ಅದನ್ನು ಕಟ್ಟುವ ದ್ರವ್ಯವೂ ಜನವೂ ಸಿದ್ಧವಾಗಿರಲೆಂಬುದೇ ಇದರ ತಾತ್ಪರ್ಯ.

ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಪೋರುಮಾಮಿಳ್ಳ ಕೆರೆಯ ಕ್ರಿ. ಶ. 1369ರ ಸಂಸ್ಕೃತ ಶಾಸನದಲ್ಲಿ ಕೆರೆಯ ಆರು ದೋಷಗಳು ಹೇಳಲ್ಪಟ್ಟಿವೆ. ಸವಳು ನೆಲ, ನೀರು ಅಲ್ಪವಾಗಿ ಭೂಮಿ ವಿಸ್ತಾರವಾಗಿರುವುದು, ಎರಡು ರಾಜ್ಯಗಳ ಗಡಿಯಲ್ಲಿರುವುದು ಎಂಬಿವು ಅವುಗಳಲ್ಲಿ ಮೂರು. ಈ ಮೂರನ್ನೂ ನವಲಗುಂದ ಸೀಮೆಯು ಅನುಭವಿಸಿದೆ.

ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಯಿಂದ 1970ರ ದಶಕದಲ್ಲಿ ಈ ಎರೆಭೂಮಿಗೆ ಕಾಲುವೆ ಬಂದಿತು. ಕೆಲವೆಡೆ ನೀರು ನಿಂತು ಹೊಲಗಳು ಸವಳು-ಜವಳಾದುವು. ಕಾಲುವೆಯ ಕೊನೆಯ ಹೊಲಗಳಿಗೆ ನೀರೇ ಮುಟ್ಟಲಿಲ್ಲ. ಆದರೂ ಭೂಮಿಯ ಬೆಲೆ ಹೆಚ್ಚಿತೆಂದು ಸುಧಾರಣಾ ಕರವನ್ನು ಕೇಳಲಾಯಿತು. 1980ನೆಯ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರ ಚಳವಳಿಯು ಗೋಲೀಬಾರಿನಲ್ಲಿ ಪರ್ಯವಸಾನ ಹೊಂದಿ ರೈತರು ಮಡಿದರು.

ದೋಷಗಳು ಮೊದಲೇ ಹೇಳಲ್ಪಟ್ಟಿರಲು ಅವು ಅನಿರೀಕ್ಷಿತವೆಂತು ಎಂದರೆ, ಯಾವ ಹೊಲದಲ್ಲಿ ಯಾವಾಗ ದೋಷವು ತಲೆದೋರುವುದೆಂಬುದು ಶಾಸ್ತ್ರದಿಂದ ತಿಳಿಯತಕ್ಕುದಲ್ಲ. ಉಪ್ಪಿನ ಬಿಳುಪನ್ನು ಮೊದಲು ಕಾಣುವವನು ಒಕ್ಕಲಿಗನೇ. ಅಲ್ಲದೆ, ಒಬ್ಬನ ಹೊಲದ ನೀರನ್ನು ಹೊರಹಾಕುವ ಬಸಿಗಾಲುವೆಯು ನೆರೆಯವನ ಹೊಲವನ್ನು ಹಾಯ್ದೇ ಹೋಗಬೇಕು. ಆದುದರಿಂದ ಒಬ್ಬೊಬ್ಬರ ಯತ್ನವು ನಿಷ್ಫಲವು. 2000ದಲ್ಲಿ ನೀರಾವರಿ ಕಾಯಿದೆಗೆ ತಿದ್ದುಪಡಿಯಾಗಿ, ನೀರು ಬಳಕೆದಾರರ ಸಹಕಾರ ಸಂಘಗಳಿಗೆ ನೀರಿನ ಹಂಚಿಕೆ, ಕರವಸೂಲಿ, ಕಾಲುವೆಗಳ ದುರಸ್ತಿ ಇವುಗಳ ಅಧಿಕಾರವು ಪ್ರಾಪ್ತವಾಯಿತು. ಬಿತ್ತುವಟ್ಟದ ನ್ಯಾಯವೇ ಇಲ್ಲಿ ಬೇರೊಂದು ರೂಪದಿಂದ ಮರಳಿತೆನ್ನಬಹುದು.

ಆದರೆ ಅಣೆಯಲ್ಲಿಯೇ ಇಲ್ಲದ ನೀರನ್ನು ಸಂಘವು ಹಂಚಲಾರದು. ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಯು ಗಡಿಯ ವಿವಾದಕ್ಕೆ ಸಿಕ್ಕಿತು. 2015ರಲ್ಲಿ ಈ ಸೀಮೆಯ ರೈತರು ಮತ್ತೆ ಬೀದಿಗಿಳಿದರು. 2018ರಲ್ಲಿ ನ್ಯಾಯಾಧಿಕರಣವು ಕಳಸಾಕ್ಕೆ 1.72, ಬಂಡೂರಿಗೆ 2.18 ಟಿ.ಎಂ.ಸಿ. ನೀರನ್ನು ವಿಧಿಸಿತು. ಗಡಿಯ ದೋಷಕ್ಕೆ ರಾಜ್ಯಗಳೇ ಪಾಲುಗಾರರು. ಹೊಲದ ದೋಷಕ್ಕಾದರೋ ಒಕ್ಕಲಿಗನನ್ನು ಕರ ಕೇಳುವ ಮೊದಲು ಅಭಿಪ್ರಾಯ ಕೇಳುವುದೇ ಯುಕ್ತವು.