ಪಾಷಾಣ ಹೀರುವ ಬೇರುಗಳು

ಹಟ್ಟಿ ಎಂದೊಡನೆ ನೆನಪಾಗುವುದು ಚಿನ್ನ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಇಲ್ಲಿ ಗಣಿಗಳಿದ್ದವು. ಹತ್ತಿರದ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನ ಕಣ್ಣಿಗೆ ಬಿದ್ದದ್ದೂ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರಿಗೆ! ಆದರೆ ಇಲ್ಲಿಯ ಬಂಡೆಯಲ್ಲಿ ಚಿನ್ನದ ಜೊತೆಗೇ ಆರ್ಸೆನಿಕ್ ಕೂಡ ಇದೆ. ನಮ್ಮ ಹಿರಿಯರು ಪಾಷಾಣ ಎನ್ನುತ್ತಿದ್ದುದು ಇದರ ಸಂಯುಕ್ತಗಳಿಗೇ.

ಒಂದು ಟನ್ ಅದಿರು ಅರೆದರೆ ಸಿಗುವ ಚಿನ್ನ ಕೆಲವೇ ಗ್ರಾಂ. ಉಳಿದ ಹುಡಿ ಹೊರಗೆ ಗುಡ್ಡವಾಗುತ್ತದೆ. ಗಾಳಿ, ನೀರು ತಾಗಿದಂತೆ ಅದರಲ್ಲಿರುವ ಆರ್ಸೆನಿಕ್ ಕರಗತೊಡಗುತ್ತದೆ. ಗಣಿಯೇ ಇಲ್ಲದ ಕಡೆ ನೆಲದಾಳದ ಬಂಡೆಯಿಂದಲೂ ಅದು ಅಂತರ್ಜಲ ಸೇರಬಲ್ಲದು. ಹಟ್ಟಿ–ಮಸ್ಕಿ ಶಿಲಾಪಟ್ಟಿಯ ಕೆಲವು ಕಡೆ ಅಂತರ್ಜಲದಲ್ಲಿ ಮಿತಿಮೀರಿದ ಆರ್ಸೆನಿಕ್ ಇರುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಕೃಷ್ಣೆಯ ಆಚೆ, ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಂತೂ ಇದೇ ನೀರು ಕುಡಿದವರ ಚರ್ಮ ಗಡುಸಾಗಿ, ಕಲೆಗಳೆದ್ದು, ಕ್ಯಾನ್ಸರ್ ಕೂಡ ಕಾಣಿಸಿಕೊಂಡಿತು.

ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಆರ್ಸೆನಿಕ್ ಇರಬಹುದು, ಅದಕ್ಕಿಂತ ಹೆಚ್ಚಿರಬಾರದು. ಲೆಕ್ಕ ಹಾಕಿ ನೋಡಿ: ಒಂದೇ ಗ್ರಾಂ ಸಾಕು, ಒಂದು ಲಕ್ಷ ಲೀಟರ್ ನೀರು ಈ ಮಿತಿ ಮುಟ್ಟಲು.

ಈ ವಿಷವನ್ನು ಗಿಡಗಳು ಹೀರಬಲ್ಲವೇ? ಕರ್ಣಕುಂಡಲದ ಗಿಡವನ್ನು ಕೆಂಪು ಶಾಯಿಯ ನೀರಿನಲ್ಲಿಟ್ಟರೆ ಕಾಂಡ ಕೆಂಪಾಗುವುದನ್ನು ನೀವು ಶಾಲೆಯಲ್ಲಿ ನೋಡಿರುತ್ತೀರಿ. ಆರ್ಸೆನಿಕ್ ಒಳಹೋಗುವ ದಾರಿ ಇನ್ನೂ ಸ್ವಾರಸ್ಯದ್ದು. ಅದರ ಒಂದು ರೂಪವಾದ ಆರ್ಸೆನೇಟ್, ನೋಡಲು ರಂಜಕದ ಗೊಬ್ಬರದ ಫಾಸ್ಫೇಟಿನಂತೆಯೇ ಇದೆ. ಬೇರು ಮೋಸಹೋಗಿ, ಗೊಬ್ಬರವೆಂದೇ ಬಗೆದು ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ! ಹೊಲದ ಗೊಬ್ಬರ ಹರಿದು ಬರುವ ಹೊಂಡದಲ್ಲಿ ಹೀರಿಕೆ ತಗ್ಗುವುದೂ ಇದರಿಂದಲೇ. ಅಲ್ಲಿ ಬೇರಿಗೆ ನಿಜವಾದ ಫಾಸ್ಫೇಟೇ ಸಿಗುತ್ತದಲ್ಲ.

ಕೆರೆಗಳನ್ನು ಮುಚ್ಚಿಹಾಕುವ, ನಾವೆಲ್ಲ ಶಪಿಸುವ ವಾಟರ್ ಹಯಸಿಂತ್ ಎಂಬ ಜಲಕಳೆ ಈ ಕೆಲಸದಲ್ಲಿ ಗಟ್ಟಿ. ಸೀಸ, ಕ್ಯಾಡ್ಮಿಯಂಗಳನ್ನೂ ಅದು ಬಿಡದು. ಅದರ ಒಣಬೇರಿನ ಪುಡಿಯನ್ನು ಇಂಗ್ಲೆಂಡಿನ ಸಂಶೋಧಕರು 2005ರಲ್ಲಿ ಪರೀಕ್ಷಿಸಿದರು. ಮಿತಿಯ ಇಪ್ಪತ್ತು ಪಟ್ಟು ಆರ್ಸೆನಿಕ್ ಇದ್ದ ನೀರಿನಿಂದ ಒಂದೇ ಗಂಟೆಯಲ್ಲಿ ಶೇ 93ಕ್ಕೂ ಹೆಚ್ಚು ಹೊರಬಂತು. ಅಜೋಲಾಕ್ಕೂ ಇಂಥ ಗುಣವಿದೆ. ನಮ್ಮ ರೈತರ ಸೂರ್ಯಕಾಂತಿಯೂ ಹಿಂದೆ ಬಿದ್ದಿಲ್ಲ. 1990ರ ದಶಕದಲ್ಲಿ ಚೆರ್ನೋಬಿಲ್ ಬಳಿಯ ಕೊಳದಲ್ಲಿ ಅದನ್ನು ತೆಪ್ಪದ ಮೇಲೆ ಬೆಳೆಸಿ, ವಿಕಿರಣಶೀಲ ಲೋಹಗಳನ್ನು ಹೀರಿಸಿದ್ದರು.

ಆದರೆ ಗಿಡ ಲೋಹವನ್ನು ಅರಗಿಸಿಕೊಳ್ಳುವುದಿಲ್ಲ, ಮೈಯಲ್ಲಿ ಇಟ್ಟುಕೊಳ್ಳುತ್ತದೆ ಅಷ್ಟೆ. ಹೊಂಡದಲ್ಲೇ ಕೊಳೆತರೆ ವಿಷ ಮತ್ತೆ ನೀರಿಗೇ. ಎಮ್ಮೆ ಮೇಯ್ದರೆ ಅದರ ಹೊಟ್ಟೆಗೆ, ತಿಪ್ಪೆಗೆ ಹಾಕಿದರೆ ಹೊಲಕ್ಕೆ. ಒಣಗಿಸಿ ಒಲೆಗಿಟ್ಟರೆ ಆರ್ಸೆನಿಕ್ ಹೊಗೆಯಾಗಿ ಅಡುಗೆಮನೆಯಲ್ಲಿ ಸುಳಿಯುತ್ತದೆ. ಆಗಾಗ ಕಿತ್ತು, ನೀರು ಸೋರದ ಗುಂಡಿಯಲ್ಲಿ ಬೇಲಿ ಹಾಕಿ ಕಾಯದಿದ್ದರೆ ಗಿಡ ಬೆಳೆಸದಿರುವುದೇ ಮೇಲು ಎಂದು ನನಗನಿಸುತ್ತದೆ.

ಈ ಉಪಾಯ ತೆರೆದ ಹೊಂಡ, ಕಾಲುವೆಗಳಿಗೆ ಹೊಂದೀತು; ನೂರಾರು ಅಡಿ ಆಳದ ಕೊಳವೆಬಾವಿಗೆ ಯಾವ ಬೇರೂ ಇಳಿಯದು. ಮನೆಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿಯೇ ತಿಳಿಯಬೇಕು. ಆರ್ಸೆನಿಕ್‌ಗೆ ಬಣ್ಣವಿಲ್ಲ, ರುಚಿಯಿಲ್ಲ. ನೀರನ್ನು ಕುದಿಸಿದರೂ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ತಳದಲ್ಲಿ ಉಳಿದದ್ದು ಇನ್ನಷ್ಟು ಗಾಢವಾಗುತ್ತದೆ.