ಬಾಯಿ ಕ್ಯಾನ್ಸರ್ ಎಂದು ತಿಳಿದ ಮೇಲೆ

ಮೂರು ವಾರ ಕಳೆದರೂ ಮಾಯದ ಬಾಯಿಹುಣ್ಣು. ಕೊನೆಗೊಂದು ದಿನ ಬಯಾಪ್ಸಿ ವರದಿ ಕೈಗೆ ಬರುತ್ತದೆ. 'ಕ್ಯಾನ್ಸರ್' ಎಂಬ ಪದ ಕೇಳಿದ ಮೇಲೆ ಡಾಕ್ಟರ್ ಹೇಳಿದ ಬೇರೇನೂ ಕಿವಿಗೆ ಬೀಳುವುದಿಲ್ಲ. ಇದು ಸಹಜ. ಮುಂದಿನ ಭೇಟಿಗೆ ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಕಾಯಿಲೆ ಯಾವ ಹಂತದಲ್ಲಿದೆ, ಏನು ಚಿಕಿತ್ಸೆ, ಆಮೇಲೆ ಊಟ, ಮಾತು ಹೇಗೆ ಎಂಬ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ, ಉತ್ತರಗಳನ್ನೂ ಬರೆದುಕೊಳ್ಳಿ.

ಇಂತಹ ವರದಿ ಹಿಡಿದು ನೇರ ನನ್ನ ದವಾಖಾನೆಗೆ ಬರುವವರಿದ್ದಾರೆ. "ಹಕೀಮ್ ಸಾಹೇಬರೇ, ಆಪರೇಷನ್ ಇಲ್ಲದೆ ನಿಮ್ಮ ಔಷಧಿಯಲ್ಲೇ ಗುಣವಾಗುವುದಿಲ್ಲವೇ?" ಯುನಾನಿ ಕಲಿತವನಾಗಿಯೇ ಹೇಳುತ್ತೇನೆ: ಇಲ್ಲ. ಈ ಗಡ್ಡೆಯನ್ನು ಕರಗಿಸುವ ಮಾಜೂನ್ ನನ್ನ ಬಳಿ ಇಲ್ಲ. ಎರಡು ತಿಂಗಳು ಪ್ರಯತ್ನಿಸಿ ನೋಡೋಣ ಎನ್ನುವಷ್ಟರಲ್ಲಿ ಅದು ಕುತ್ತಿಗೆಯ ಗ್ರಂಥಿಗಳಿಗೆ ಹರಡಬಹುದು. ಆರಂಭದಲ್ಲೇ ಚಿಕಿತ್ಸೆ ಪಡೆದರೆ ಗುಣವಾಗುವ ಸಾಧ್ಯತೆ ಹೆಚ್ಚು. ಬಯಾಪ್ಸಿ ಮಾಡಿಸಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತನ್ನೂ ನಂಬಬೇಡಿ. ಚಿಕಿತ್ಸೆಯ ನಡುವೆ ಯಾವುದೇ ಗಿಡಮೂಲಿಕೆ ಸೇವಿಸುವ ಮುನ್ನ ಕ್ಯಾನ್ಸರ್ ತಜ್ಞರಿಗೆ ತಿಳಿಸಿ.

ಚಿಕಿತ್ಸೆ ಶುರುವಾಗುವ ಮುನ್ನ ಕೆಲವು ಕೆಲಸಗಳಿವೆ.

ತಂಬಾಕು: ಗುಟ್ಕಾ, ಬೀಡಿ, ಎಲೆಅಡಿಕೆ ಇಂದೇ ನಿಲ್ಲಿಸಿ. ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೇ. 'ಬಂದದ್ದು ಬಂದಾಯ್ತು, ಇನ್ನು ಬಿಟ್ಟೇನು ಲಾಭ' ಎನ್ನಬೇಡಿ. ಬಿಟ್ಟರೆ ಗಾಯ ಬೇಗ ಮಾಯುತ್ತದೆ, ಚಿಕಿತ್ಸೆ ಚೆನ್ನಾಗಿ ಫಲಿಸುತ್ತದೆ. ಬಿಡಲು ನೆರವು ಬೇಕಿದ್ದರೆ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಹಲ್ಲು: ರೇಡಿಯೇಷನ್ ಇದ್ದರೆ ಅದಕ್ಕೂ ಮೊದಲೇ ದಂತವೈದ್ಯರಿಗೆ ತೋರಿಸಿ. ಹಾಳಾದ ಹಲ್ಲು ಕೀಳಿಸುವುದಿದ್ದರೆ ಆಗಲೇ ಆಗಬೇಕು. ರೇಡಿಯೇಷನ್ ಬಿದ್ದ ದವಡೆಯ ಎಲುಬು ಆಮೇಲೆ ಸುಲಭವಾಗಿ ಮಾಯುವುದಿಲ್ಲ.

ಆಹಾರ: ರೇಡಿಯೇಷನ್ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ ನಡೆಯುತ್ತದೆ. ಬಾಯಿ ಒಣಗುತ್ತದೆ, ರುಚಿ ಹೋಗುತ್ತದೆ, ನುಂಗಲು ನೋವಾಗುತ್ತದೆ. ಖಾರ, ಹುಳಿ ಬೇಡ. ಮೆತ್ತಗಿನ ಗಂಜಿ, ಖಿಚಡಿ, ಮೊಟ್ಟೆ, ಮೊಸರು ಸ್ವಲ್ಪಸ್ವಲ್ಪವೇ ಆಗಾಗ ಕೊಡಿ. ತೂಕ ಇಳಿಯದಂತೆ ನೋಡಿಕೊಳ್ಳುವುದು ಮುಖ್ಯ. ಮೂಗಿನ ಮೂಲಕ ನಳಿಕೆ ಹಾಕಿದರೆ 'ಇನ್ನು ಮುಗಿಯಿತು' ಎಂದುಕೊಳ್ಳಬೇಡಿ. ಅನೇಕರಿಗೆ ಅದು ತಾತ್ಕಾಲಿಕ. ರಂಝಾನ್ ಬಂದರೆ ಕಾಯಿಲೆಯವರಿಗಿರುವ ರಿಯಾಯಿತಿಯನ್ನು ಸಂಕೋಚವಿಲ್ಲದೆ ಬಳಸಿಕೊಳ್ಳಿ.

ಖರ್ಚು: ಹಣಕ್ಕೆ ಹೆದರಿ ಮನೆಯಲ್ಲಿ ಕೂರಬೇಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದ್ದು, ಕ್ಯಾನ್ಸರ್ ಚಿಕಿತ್ಸೆಯೂ ಅದರಲ್ಲಿ ಸೇರಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಸರಕಾರಿ ಆಸ್ಪತ್ರೆಗೆ ಹೋಗುವಾಗ ರೇಷನ್ ಕಾರ್ಡ್, ಆಧಾರ್, ಹಳೆಯ ವರದಿಗಳೆಲ್ಲ ಒಂದೇ ಚೀಲದಲ್ಲಿರಲಿ.

ಮನೆಯವರಿಗೊಂದು ಮಾತು. ಆಪರೇಷನ್ ನಂತರ ಮುಖ ಬದಲಾಗಬಹುದು, ಮಾತು ತೊದಲಬಹುದು. ನುಂಗಲು, ಮಾತಾಡಲು ಮತ್ತೆ ಕಲಿಸುವ ತರಬೇತುದಾರರು ಆಸ್ಪತ್ರೆಯಲ್ಲಿರುತ್ತಾರೆ, ಕೇಳಿ ಪಡೆಯಿರಿ. ಅಲ್ಲಿಯವರೆಗೆ ಕೈಗೊಂದು ನೋಟ್‌ಬುಕ್ ಕೊಡಿ. 'ಗುಟ್ಕಾ ತಿಂದದ್ದಕ್ಕೇ ಹೀಗಾಯಿತು' ಎಂದು ಚುಚ್ಚಬೇಡಿ. ಅದು ಅವರಿಗೆ ಗೊತ್ತಿದೆ. ಊಟದ ಹೊತ್ತಿಗೆ ಅವರನ್ನು ಬೇರೆ ಕೋಣೆಯಲ್ಲಿ ಬಿಡದೆ, ಗಂಜಿಯ ಬಟ್ಟಲಾದರೂ ಸರಿ, ನಿಮ್ಮ ಜೊತೆಯಲ್ಲೇ ಕೂರಿಸಿಕೊಳ್ಳಿ.