ಬೆಂಕಿಯಿಲ್ಲದೆ ಸುಟ್ಟ ಮೊಣಕಾಲು

ಮಳೆಗಾಲ ಮುಗಿಯೋ ಹೊತ್ತಿಗೆ ಸದಾಶಿವನಗರದ ನಮ್ಮ ಮನೆಯ ಪೋರ್ಚಿನ ನೆಲದಲ್ಲಿ ಎರಡು ಗುಂಡಿ ಬಿದ್ದಿದ್ದವು. ಕಿಟಕಿಯ ಸಜ್ಜಾದ ತಳದಲ್ಲಿ ಕಾಂಕ್ರೀಟ್ ಉದುರಿ ಸರಳು ಕಾಣ್ತಿತ್ತು. ಸಜ್ಜಾಕ್ಕೆ ಗೌಂಡಿಯವರನ್ನು ಕರೆಸಿದೆವು. ನೆಲದ ತೇಪೆ ನಾನೇ ಹಾಕ್ತೀನಿ ಅಂತ ಭಾನುವಾರ ಕರಣೆ ಹಿಡಿದು ಕೂತೆ. ಮೊಬೈಲಿನಲ್ಲಿ ಎರಡು ವಿಡಿಯೊ ನೋಡಿದ ಧೈರ್ಯ!

"ಅಕ್ಕಾರ, ಹಸಿ ಮಾಲಿನ್ಯಾಗ ಮೊಣಕಾಲು ಊರಬ್ಯಾಡ್ರಿ. ಈಗ ಗೊತ್ತಾಗಂಗಿಲ್ಲ, ರಾತ್ರಿ ಗೊತ್ತಾಗ್ತೈತಿ" ಅಂದರು ಗೌಂಡಿ ಕಾಕಾ.

"ಏನಾಗಲ್ಲ ಬಿಡ್ರಿ ಕಾಕಾ" ಅಂದೆ. ಜೀನ್ಸ್ ಒದ್ದೆಯಾದರೂ ಒಂದೂವರೆ ತಾಸು ಹಾಗೇ ಕೂತಿದ್ದೆ. ರಾತ್ರಿ ಊಟದ ಹೊತ್ತಿಗೆ ಉರಿ ಶುರುವಾಯ್ತು. ಕೊಬ್ಬರಿ ಎಣ್ಣೆ ಹಚ್ಚಿ ಮಲಗಿದೆ. ಬೆಳಿಗ್ಗೆ ನೋಡಿದರೆ ಎರಡೂ ಮೊಣಕಾಲಿನಲ್ಲಿ ಬೊಬ್ಬೆ. ಡಾಕ್ಟರು ನೋಡಿ, "ಇದು ಸುಟ್ಟ ಗಾಯ" ಅಂದರು.

ಸುಡೋದು ಯಾಕೆ?

ಹಸಿ ಸಿಮೆಂಟ್ ಬಲವಾದ ಕ್ಷಾರ. ಎಲೆ-ಅಡಿಕೆಗೆ ಸುಣ್ಣ ಹೆಚ್ಚಾದರೆ ಬಾಯಿ ಸುಡುತ್ತದಲ್ಲ, ಅದೇ ಗುಣ. ಕೈ ತೊಳೆಯುವ ಸೋಪಿನ ಪಿಎಚ್ ಸುಮಾರು 9-10 ಇದ್ದರೆ, ಇದರದ್ದು 12-13. ಒಂದೊಂದು ಅಂಕಿ ಏರಿದಾಗಲೂ ಕ್ಷಾರದ ತೀವ್ರತೆ ಹತ್ತು ಪಟ್ಟಾಗುತ್ತದೆ. ಮೋಸ ಇರೋದು ಇಲ್ಲೇ: ಮೊದಲಿಗೆ ನೋವೇ ಇರಲ್ಲ. ಗೊತ್ತಾಗೋ ಹೊತ್ತಿಗೆ ಚರ್ಮ ಬೆಂದಿರುತ್ತದೆ. ಹಾಗಾಗಿ ಉರಿ ಬರಲಿ ಅಂತ ಕಾಯಬೇಡಿ.

* ಉದ್ದ ರಬ್ಬರ್ ಕೈಗವಸು, ಗಮ್‌ಬೂಟು ಹಾಕಿ. ಮೊಣಕಾಲಿನ ಕೆಳಗೆ ನೀರು ಇಳಿಯದ ದಪ್ಪ ಹಾಸು ಇರಲಿ. ಉಂಗುರ, ವಾಚು ತೆಗೆದಿಡಿ.
* ಬಟ್ಟೆಗೆ ಮಾಲು ತಾಗಿ ಒದ್ದೆಯಾದರೆ ತಕ್ಷಣ ಬಿಚ್ಚಿ, ಹರಿಯುವ ನೀರಿನಲ್ಲಿ 20 ನಿಮಿಷ ತೊಳೆಯಿರಿ. ಎಣ್ಣೆ, ಅರಿಶಿನ, ಪೇಸ್ಟ್ ಬೇಡ.
* ಕಣ್ಣಿಗೆ ಸಿಡಿದರೆ ಅಷ್ಟೇ ಹೊತ್ತು ನೀರು ಬಿಟ್ಟು, ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಒಡೆಯುವಾಗ

ಕಾಂಕ್ರೀಟಿನ ದೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಬರುವ ಸಿಲಿಕೋಸಿಸ್‌ಗೆ ಗುಣವಾಗುವ ಮದ್ದಿಲ್ಲ. ನೀರು ಚಿಮುಕಿಸಿ ಒಡೆಯಿರಿ, ಒಣ ಕಸಬರಿಗೆ ಆಡಿಸಬೇಡಿ. ಕರ್ಚೀಫು ಸಾಲದು, ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್ ಮತ್ತು ಕನ್ನಡಕ ಬೇಕು.

ಇನ್ನು ಸಜ್ಜಾ. ಮಳೆನೀರು ಇಳಿದು ಸರಳು ತುಕ್ಕು ಹಿಡಿದರೆ ಉಬ್ಬುತ್ತದೆ, ಸುತ್ತಲಿನ ಕಾಂಕ್ರೀಟನ್ನು ಸೀಳುತ್ತದೆ. ಬೆಳಗಾವಿ, ಖಾನಾಪುರದಂಥ ಮಳೆಯೂರಿನ ಹಳೇ ಮನೆಗಳಲ್ಲಿ ಇದನ್ನು ಗಮನಿಸ್ತಾ ಇರಬೇಕು. ಸರಳು ಕಂಡರೆ ಮೇಲೆ ಗಿಲಾವು ಬಳಿದು ಮುಚ್ಚಬೇಡಿ. ಎಂಜಿನಿಯರಿಗೆ ತೋರಿಸಿ, ಕೆಳಗೆ ಆಸರೆ ಕೊಟ್ಟ ಮೇಲೆಯೇ ಒಡೆಸಿ. ಅದರಡಿ ಯಾರೂ ನಿಲ್ಲಬಾರದು.

ಮರುದಿನ ಕಾಕಾ ಬಂದಾಗ ಅವರ ಅಂಗೈ ನೋಡಿದೆ. ಬಿರುಕು ಬಿಟ್ಟು ಕೆಂಪಾಗಿತ್ತು. "ನಮಗ ರೂಢಿ ಆಗೈತ್ರಿ" ಅಂದರು. ಚರ್ಮಕ್ಕೆ ಇದು ರೂಢಿ ಆಗಲ್ಲ. ಸಿಮೆಂಟಿನಲ್ಲಿರುವ ಕ್ರೋಮಿಯಂನಿಂದ ಒಮ್ಮೆ ಅಲರ್ಜಿ ಅಂಟಿದರೆ ಆಮೇಲೆ ಸ್ವಲ್ಪ ತಾಗಿದರೂ ಕೆರೆತ ಮರುಕಳಿಸುತ್ತದೆ. ಸಾವಿರಾರು ರೂಪಾಯಿ ರಿಪೇರಿಯ ಲೆಕ್ಕ ಹಾಕಿದ್ದ ನಾನು, ಅದರಲ್ಲಿ ಒಂದು ಜೊತೆ ಕೈಗವಸು ಸೇರಿಸಿರಲಿಲ್ಲ.

ಈಗ ಪೋರ್ಚಿನಲ್ಲಿ ಎರಡು ಜೊತೆ ಇಟ್ಟಿದ್ದೀನಿ. ಒಂದು ನನಗೆ, ಒಂದು ಕೆಲಸಕ್ಕೆ ಬಂದವರಿಗೆ.